ಜಿಟಿಜಿಟಿ ಮಳೆ ಮತ್ತು ನನ್ನ ಕ್ಯಾಮೆರಾ

ಧಾರವಾಡದ ಜಿಟಿಜಿಟಿ ಮಳೆ ಕ್ಯಾಮೆರಾಗೆ ಜಾಸ್ತಿ ಅಪಾಯ. ಹೋದ ಆಷಾಢದಲ್ಲಿ ಸಾಧನಕೇರಿ ದಂಡೆಯಲ್ಲಿ ಮಿಂಚುಳ್ಳಿಗೆ ಕಾಯುತ್ತಿದ್ದೆ. ನೀರು ಒಳಗೆ ಇಳಿದದ್ದು ಗೊತ್ತೇ ಆಗಲಿಲ್ಲ.

ಈಗ ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ಲೆನ್ಸ್ ಅಳತೆಯ ತೂತು ಮಾಡಿ, ಹುಡ್ (ಲೆನ್ಸಿನ ಮುಂದೆ ಹಾಕುವ ಮರೆ) ಸುತ್ತ ರಬ್ಬರ್ ಬ್ಯಾಂಡ್ ಹಾಕುತ್ತೇನೆ. ಮಳೆಯಲ್ಲಿ ಲೆನ್ಸ್ ಬದಲಿಸುವುದಿಲ್ಲ.

ನೆನೆದರೆ ಮೊದಲು ಬ್ಯಾಟರಿ ತೆಗೆಯಿರಿ. ಒಮ್ಮೆ ಆನ್ ಮಾಡಿ ನೋಡೋಣ ಅನ್ನಿಸುತ್ತದೆ, ಅಲ್ವಾ? ದಯವಿಟ್ಟು ಬೇಡ. ಅಕ್ಕಿ ಡಬ್ಬಿಯಲ್ಲೂ ಹೂಳಬೇಡಿ, ಅದರ ಪುಡಿ ಒಳಗೆ ಸೇರುತ್ತದೆ. ಒಣಬಟ್ಟೆಯಿಂದ ಒತ್ತಿ ಒರೆಸಿ, ಫ್ಯಾನ್ ಕೆಳಗಿಡಿ.

ಮನೆಯಲ್ಲಿ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡುತ್ತೇನೆ. ನೀಲಿ ಹರಳು ಗುಲಾಬಿಯಾದರೆ ತೇವ ಹೀರಿದೆ ಎಂದರ್ಥ, ಬದಲಿಸಬೇಕು. ಇಲ್ಲದಿದ್ದರೆ ಲೆನ್ಸಿಗೆ ಬೂಸ್ಟು ಹಿಡಿಯುತ್ತದೆ. ನನ್ನ 50 ಎಂಎಂ ಲೆನ್ಸ್ ಹಾಗೇ ಹೋಯಿತು. ಅವ್ವ ಕೂಡಿಟ್ಟ ದುಡ್ಡಿನಲ್ಲಿ ಕೊಡಿಸಿದ್ದು.