ಕಿಟಕಿಗೆ ಬೆನ್ನು ಹಾಕಿ

ಶಿರಾಜ್‌ನ ನಾಸಿರ್ ಉಲ್ ಮುಲ್ಕ್ ಮಸೀದಿಗೆ ಬೆಳಿಗ್ಗೆ ಎಂಟಕ್ಕೇ ಹೋದೆ. ಬಣ್ಣದ ಗಾಜಿನ ಕಿಟಕಿಗಳಿಂದ ಬಿಸಿಲು ರತ್ನಗಂಬಳಿಯ ಮೇಲೆ ಬೀಳುವ ಹೊತ್ತು ಅದು. ಒಳಗೆ ಫೋಟೊಗೆ ನೂಕುನುಗ್ಗಲು. ಕಾಲಿಡಲೂ ಜಾಗ ಇರಲಿಲ್ಲ. ಸುಮ್ನೆ ಅಂಗಳಕ್ಕೆ ಬಂದು ನಿಂತೆ. ಆಮೇಲೆ ಅಲ್ಲಿಂದ ಕದಲಲು ಮನಸ್ಸಾಗಲಿಲ್ಲ.

ಇರಾನಿನ ಮಸೀದಿ ಅಂದರೆ ನೀಲಿ ಅಂದುಕೊಂಡಿದ್ದೆ. ಇಲ್ಲಿ ಗೋಡೆಯ ಟೈಲುಗಳ ತುಂಬ ಗುಲಾಬಿ ಹೂವು. ಕಜಾರ್ ದೊರೆಗಳ ಕಾಲದ್ದು, 1876ರಿಂದ 1888ರವರೆಗೆ ಕಟ್ಟಿದ್ದು. ಹೂಗೊಂಚಲುಗಳ ನಡುನಡುವೆ ಪುಟ್ಟ ಚೌಕಟ್ಟು. ಅದರೊಳಗೆ ಯುರೋಪಿನ ಮನೆಗಳು, ಮರಗಳು, ಒಂದು ಕಡೆ ಚರ್ಚಿನಂಥ ಗೋಪುರ. ಮಸೀದಿಯ ಗೋಡೆಯಲ್ಲಿ ಚರ್ಚು! ಯಾರಿಗೂ ಕಿರಿಕಿರಿ ಆದಂತಿಲ್ಲ.

ಮೂಗು ತಾಗುವಷ್ಟು ಹತ್ತಿರ ಬಗ್ಗಿದೆ. ಪ್ರತಿ ಎಸಳಿನ ಸುತ್ತಲೂ ಕೂದಲೆಳೆಯಂಥ ಕಪ್ಪು ಗೆರೆ. ಅದು ಬರೀ ಅಂದಕ್ಕಲ್ಲ. ಮ್ಯಾಂಗನೀಸಿಗೆ ಎಣ್ಣೆ ಬೆರೆಸಿ ಎಳೆದ ಗೆರೆ, ಗದ್ದೆಗೆ ಬದು ಇದ್ದ ಹಾಗೆ. ಗೂಡಿನ ಬೆಂಕಿಗೆ ಬಣ್ಣ ಕರಗಿದಾಗ ಗುಲಾಬಿ ಹರಿದು ಹಳದಿಗೆ ಸೇರಬಾರದಲ್ವಾ? ಇದಕ್ಕೆ ಅಲ್ಲಿಯವರು ಹಫ್ತ್ ರಂಗಿ ಅನ್ನುತ್ತಾರೆ, ಏಳು ಬಣ್ಣ ಅಂತ. ಅದಕ್ಕೂ ಹಿಂದೆ ಒಂದೊಂದು ಬಣ್ಣದ ಟೈಲನ್ನೂ ಚೂರು ಚೂರಾಗಿ ಕತ್ತರಿಸಿ ಜೋಡಿಸುತ್ತಿದ್ದರು. ಇಸ್ಫಹಾನಿನಲ್ಲಿ ಹದಿನೇಳನೇ ಶತಮಾನದ ಇರಾನಿನ ದೊರೆ ಶಾ ಅಬ್ಬಾಸನಿಗೆ ಅಷ್ಟು ತಾಳ್ಮೆ ಇರಲಿಲ್ಲ, ದೊಡ್ಡ ಮಸೀದಿ ಬೇಗ ಮುಗಿಯಬೇಕಿತ್ತು. ಒಂದೇ ಟೈಲಿನ ಮೇಲೆ ಎಲ್ಲ ಬಣ್ಣ ಬರೆಯುವ ಈ ಪದ್ಧತಿ ಆಗ ಜೋರಾಗಿ ನಡೆಯಿತು.

ಟೈಲಿಗೆ ಪರ್ಷಿಯನ್ನರು ಕಾಶಿ ಅನ್ನುತ್ತಾರೆ. ನಮ್ಮ ಕಾಶಿ ಅಲ್ಲ, ಕಾಶಾನ್ ಊರಿನಿಂದ ಬಂದ ಹೆಸರು. ನನಗೆ ಬೀದರ್ ನೆನಪಾಯಿತು. ಇರಾನಿನ ಗೀಲಾನ್‌ನಿಂದ ಬಂದ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾದ ಮಿನಾರಿನಲ್ಲಿ ಇಂಥ ಕಾಶಿ ಅಲ್ಲಲ್ಲಿ ಉಳಿದಿದೆ. ಚಿಕ್ಕವನಿದ್ದಾಗ ಅದನ್ನು ಮಾಸಿದ ಪೇಂಟು ಅಂದುಕೊಂಡಿದ್ದೆ.

ಸಂಜೆ ಬಜಾರಿನ ಒಂದು ಅಂಗಡಿಯಲ್ಲಿ ಹೂವು-ಬುಲ್‌ಬುಲ್ ಇರುವ ಟೈಲು ಕಣ್ಣಿಗೆ ಬಿತ್ತು. 'ನೂರೈವತ್ತು ವರ್ಷದ್ದು' ಅಂದ ಅಂಗಡಿಯವನು. ನಮ್ಮ ಬ್ಯಾಂಕ್ ಕಾರ್ಡು ಅಲ್ಲಿ ನಡೆಯುವುದಿಲ್ಲ, ಜೇಬಿನಲ್ಲಿದ್ದ ನೋಟು ಎಣಿಸತೊಡಗಿದೆ. ಎಣಿಸುತ್ತಲೇ ಟೈಲನ್ನು ಮಗುಚಿ ನೋಡಿದೆ. ಬೆನ್ನು ತೊಳೆದಿಟ್ಟ ತಟ್ಟೆಯಷ್ಟು ಚೊಕ್ಕಟ. 'ಗೋಡೆಯಿಂದ ಕಿತ್ತದ್ದಾದರೆ ಗಾರೆ ಎಲ್ಲಿ?' ಅಂತ ಕೈಸನ್ನೆಯಲ್ಲೇ ಕೇಳಿದೆ. ಅವನು ನಕ್ಕು ಚಹಾ ಬಗ್ಗಿಸಿದ. ಬೆಲೆ ಅರ್ಧಕ್ಕಿಳಿಯಿತು. ಕೊಂಡೆ. ನಿಜಕ್ಕೂ ಹಳೆಯದಾಗಿದ್ದರೆ ಪರವಾನಗಿ ಇಲ್ಲದೆ ಊರಿಗೆ ತರುವ ಹಾಗೇ ಇರಲಿಲ್ಲ, ಬಿಡಿ.