ವಯಸ್ಸಾಯಿತೋ, ನೋವಿದೆಯೋ?

ಕುವೆಂಪುನಗರದ ರಸ್ತೆಗಳಲ್ಲಿ ಬೆಳಗಿನ ಹೊತ್ತು ನಾಯಿ ಹಿಡಿದು ನಡೆಯುವವರ ಬಾಯಲ್ಲಿ ಪದೇ ಪದೇ ಕೇಳಿಬರುವ ಮಾತು, "ಅದಕ್ಕೆ ವಯಸ್ಸಾಯ್ತು ಬಿಡಿ" ಎಂಬುದು. ನಾಯಿ ಮೆಟ್ಟಿಲು ಹತ್ತಲು ಹಿಂಜರಿದರೂ, ಗೇಟು ಸದ್ದಾದಾಗ ಎದ್ದು ಬಾರದಿದ್ದರೂ, ಮುಟ್ಟಿದರೆ ಗುರ್ ಎಂದರೂ ಅದೇ ಸಮಾಧಾನ. ಈ ಮಾತಿನ ಮರೆಯಲ್ಲಿ ಎಷ್ಟೋ ನಾಯಿಗಳ ಕೀಲುನೋವು ಚಿಕಿತ್ಸೆ ಕಾಣದೆ ಉಳಿದುಬಿಡುತ್ತದೆ ಎಂದು ನನಗನ್ನಿಸುತ್ತದೆ.

ನೋವಾದರೆ ನಾಯಿ ಕುಂಯ್‌ಗುಟ್ಟಲೇಬೇಕೆಂದಿಲ್ಲ. ಅಕಸ್ಮಾತ್ ಕಾಲು ತುಳಿದರೆ ಬೀದಿಗೆಲ್ಲ ಕೇಳುವಂತೆ ಕಿರುಚುವ ನಾಯಿಯೇ, ಸೊಂಟದ ಕೀಲು ತಿಂಗಳುಗಟ್ಟಲೆ ಸವೆಯುತ್ತಿದ್ದರೂ ಸದ್ದಿಲ್ಲದೆ ತನ್ನ ದಿನಚರಿಯನ್ನು ಸ್ವಲ್ಪ ಸ್ವಲ್ಪವಾಗಿ ಬದಲಿಸಿಕೊಳ್ಳುತ್ತದೆ. ನಮ್ಮ ಮನೆಯ ವಯಸ್ಸಾದ ಲ್ಯಾಬ್ರಡಾರ್ ನುಣುಪಾದ ರೆಡ್‌ಆಕ್ಸೈಡ್ ನೆಲದಿಂದ ಏಳುವಾಗ ಮೊದಲು ಮುಂಗಾಲುಗಳನ್ನು ಊರಿ, ಮೈಭಾರವನ್ನೆಲ್ಲ ಅವುಗಳ ಮೇಲೆ ಹಾಕಿ, ಹಿಂಭಾಗವನ್ನು ಎಳೆದುಕೊಂಡಂತೆ ಮೇಲೇಳುತ್ತದೆ; ಮೊದಲ ಕೆಲವು ಹೆಜ್ಜೆ ಬಿಗಿ, ಆಮೇಲೆ ಸಲೀಸು. ನಡೆದಾಡಿದ ಮೇಲೆ ಸಡಿಲವಾಗುವ ಕಾರಣಕ್ಕೇ ಯಾರೂ ಲೆಕ್ಕಕ್ಕಿಡದ ಈ ಬಿಗಿತ, ಸಂಧಿವಾತದ ಮುಖ್ಯ ಲಕ್ಷಣಗಳಲ್ಲೊಂದು. ಎರಡೂ ಹಿಂದೊಡೆಗಳನ್ನು ಕೈಯಲ್ಲಿ ಹಿಡಿದು ನೋಡಿದರೆ, ನಾಯಿ ಹೆಚ್ಚು ಊರದ ಕಾಲಿನ ಸ್ನಾಯು ಇನ್ನೊಂದಕ್ಕಿಂತ ಸೊರಗಿರುವುದು ತಿಳಿಯುತ್ತದೆ. ಒಂದೇ ಕೀಲನ್ನು ಸದಾ ನೆಕ್ಕುವ ತಿಳಿಬಣ್ಣದ ನಾಯಿಗಳಲ್ಲಿ ಅಲ್ಲಿನ ಕೂದಲು ಜೊಲ್ಲಿನಿಂದ ಕಂದುಗೆಂಪಾಗಿರುತ್ತದೆ.

ನಮ್ಮ ಕಡೆ ಮುದ್ದೆ ತಿಂದು ಬೆಳೆಯುವ ನಾಯಿಗಳ ಹಲ್ಲುನೋವು ತಡವಾಗಿ ಗೊತ್ತಾದರೆ ಆಶ್ಚರ್ಯವಿಲ್ಲ, ಏಕೆಂದರೆ ಮುದ್ದೆಯನ್ನು ಅಗಿಯಬೇಕಾಗಿಲ್ಲ (ನಾವೂ ಅಗಿಯುವುದಿಲ್ಲವಷ್ಟೆ). ಗಟ್ಟಿ ಬಿಸ್ಕತ್ತು ಕೊಟ್ಟಾಗ ತಲೆ ವಾಲಿಸಿ ಒಂದೇ ದವಡೆಯಲ್ಲಿ ಅಗಿದರೆ, ಅಥವಾ ಬಾಯಿಗೆ ಹಾಕಿಕೊಂಡದ್ದನ್ನು ಬೀಳಿಸಿದರೆ ಬಾಯಿ ತೆರೆಸಿ ನೋಡಬೇಕು.

ಎದೆಯನ್ನು ನೆಲಕ್ಕೆ ತಾಗಿಸಿ, ಹಿಂಭಾಗವನ್ನು ಮೇಲೆತ್ತಿ ನಿಲ್ಲುವುದು ಆಟಕ್ಕೆ ಕರೆಯುವ ಭಂಗಿಯೂ ಹೌದು. ಆದರೆ ಊಟ ಬಿಟ್ಟು, ವಾಂತಿ ಮಾಡಿಕೊಂಡು, ಮತ್ತೆ ಮತ್ತೆ ಹಾಗೆಯೇ ನಿಂತರೆ ಅದು ಹೊಟ್ಟೆನೋವು; ಮೇದೋಜೀರಕ ಗ್ರಂಥಿಯ ಉರಿಯೂತವೂ ಇರಬಹುದಾದ್ದರಿಂದ ಅಂದೇ ಪಶುವೈದ್ಯರಿಗೆ ತೋರಿಸಬೇಕು. ತಂಪು ಹೊತ್ತಿನಲ್ಲೂ ಮಲಗಿದಲ್ಲೇ ಏದುಸಿರು ಬಿಡುವುದು, ರಾತ್ರಿ ಮಲಗಲಾರದೆ ಜಾಗ ಬದಲಿಸುತ್ತಲೇ ಇರುವುದು ಕೂಡ ನೋವಿನಿಂದಿರಬಹುದು.

ಮನೆಯಲ್ಲಿರುವ ನೋವಿನ ಮಾತ್ರೆಯನ್ನು ಮಾತ್ರ ಕೊಡಕೂಡದು. ಐಬುಪ್ರೊಫೆನ್‌ನಿಂದ ನಾಯಿಗಳ ಜಠರದಲ್ಲಿ ಹುಣ್ಣಾಗುತ್ತದೆ, ಮೂತ್ರಪಿಂಡಗಳು ಕೆಡುತ್ತವೆ. ಪ್ಯಾರಾಸಿಟಮಾಲ್ ಯಕೃತ್ತಿಗೆ ಹಾನಿ ಮಾಡಬಲ್ಲದು.

ಕ್ಲಿನಿಕ್ಕಿನ ಮೇಜಿನ ಮೇಲೆ ಹೆದರಿ ನಿಂತ ನಾಯಿ ಕುಂಟುವುದನ್ನೇ ಮರೆತುಬಿಡುವುದುಂಟು. ಆದ್ದರಿಂದ ಬೆಳಿಗ್ಗೆ ಅದು ಏಳುವುದನ್ನು, ಮೊದಲ ಹೆಜ್ಜೆಗಳನ್ನು, ಮೆಟ್ಟಿಲ ಬಳಿ ತಡೆಯುವುದನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡು ಹೋದರೆ ವೈದ್ಯರಿಗೆ ಬಹಳ ಅನುಕೂಲ.