ಟ್ರಸ್ ಸೇತುವೆಯಲ್ಲಿ ಗಸೆಟ್ ಪ್ಲೇಟನ್ನೇ ಮೊದಲು ಅಳೆಯಿರಿ

ಹಳೆಯ ಉಕ್ಕಿನ ಟ್ರಸ್ ಸೇತುವೆಗಳ (ಉಕ್ಕಿನ ತೊಲೆಗಳನ್ನು ತ್ರಿಕೋನಗಳಾಗಿ ಜೋಡಿಸಿ ಕಟ್ಟಿದವು) ಪರಿಶೀಲನೆಗೆ ಹೊಸದಾಗಿ ಬರುವ ಎಂಜಿನಿಯರುಗಳು ಮೊದಲು ಓದಬೇಕಾದದ್ದು ಅಮೆರಿಕದ ಮಿನಿಯಾಪೊಲಿಸ್ ನಗರದ ಐ-35ಡಬ್ಲ್ಯು ಸೇತುವೆಯ ಚರಿತ್ರೆ. ಮಿಸಿಸಿಪ್ಪಿ ನದಿ ದಾಟುವ ಈ ಎಂಟು ಪಥದ ಹೆದ್ದಾರಿ ಸೇತುವೆ 1967ರ ನವೆಂಬರಿನಲ್ಲಿ ತೆರೆಯಿತು. ಒಟ್ಟು ಉದ್ದ 581 ಮೀಟರ್, ನದಿಯ ಮೇಲಿನ ಮುಖ್ಯ ಸ್ಪ್ಯಾನ್ (ಎರಡು ಆಧಾರಗಳ ನಡುವಿನ ಭಾಗ) 139 ಮೀಟರ್. 2007ರ ಆಗಸ್ಟ್ 1ರ ಸಂಜೆ 6.05ಕ್ಕೆ ಆ ಸ್ಪ್ಯಾನ್ ಕಳಚಿ ನದಿಗೆ ಬಿತ್ತು. 13 ಜನ ಸತ್ತರು, 145 ಜನ ಗಾಯಗೊಂಡರು.

ತುಕ್ಕೋ ಬಿರುಕೋ ಕಾರಣ ಇರಬೇಕು ಅಂತ ಎಲ್ಲರಿಗೂ ಅನ್ನಿಸುತ್ತದೆ. 1991ರಿಂದಲೂ ಅದರ ಸ್ಥಿತಿ ‘ಕಳಪೆ’ ಎಂದೇ ದಾಖಲಾಗಿತ್ತು, ಪರಿಶೀಲಕರ ಗಮನವೆಲ್ಲ ಬಿರುಕುಗಳ ಮೇಲಿತ್ತು. ಆದರೆ ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯ ತನಿಖೆ ಆ ಎರಡೂ ಕಾರಣಗಳನ್ನು ತಳ್ಳಿಹಾಕಿತು. ಟ್ರಸ್ಸಿನ ಕಾರ್ಡುಗಳೂ (ಮೇಲೆ, ಕೆಳಗೆ ಉದ್ದಕ್ಕೆ ಹೋಗುವ ತೊಲೆಗಳು) ಓರೆ, ನೇರ ಮೆಂಬರುಗಳೂ (ನಡುವಿನ ತೊಲೆಗಳು) ಕೂಡುವ ಕಡೆ ಎರಡು ಬದಿಗೂ ಗಸೆಟ್ ಪ್ಲೇಟ್ ಎಂಬ ಉಕ್ಕಿನ ತಗಡು ಇಟ್ಟು ರಿವೆಟ್ ಹೊಡೆದಿರುತ್ತಾರಲ್ಲ, ತಪ್ಪಿದ್ದು ಅಲ್ಲಿ. ಯು10 ಎಂಬ ಕೂಡುಜಾಗದಲ್ಲಿ ಸುಮಾರು 1 ಇಂಚು ದಪ್ಪ ಬೇಕಿದ್ದ ಪ್ಲೇಟು ಅರ್ಧ ಇಂಚಿನದಾಗಿತ್ತು. ಇಂಥ ತೆಳು ಪ್ಲೇಟುಗಳು ಇಡೀ ಸೇತುವೆಯಲ್ಲಿ 24. ವಿನ್ಯಾಸದ ದಿನವೇ ಆದ ತಪ್ಪು ಅದು. ಸೇತುವೆ ಎಷ್ಟು ಭಾರ ತಡೆಯುತ್ತದೆ ಎಂದು ಆಮೇಲೆ ಲೆಕ್ಕ ಹಾಕಿದವರೂ ಮೆಂಬರುಗಳನ್ನು ಮಾತ್ರ ನೋಡಿದರು, ಪ್ಲೇಟು ಮೆಂಬರಿಗಿಂತ ಗಟ್ಟಿ ಇದ್ದೇ ಇರುತ್ತದೆ ಎಂಬುದು ಆಗಿನ ರೂಢಿ. 1999ರ ಮತ್ತು 2003ರ ಫೋಟೊಗಳಲ್ಲಿ ಯು10ರ ಪ್ಲೇಟು ಬಾಗಿರುವುದು ಬರಿಗಣ್ಣಿಗೇ ಕಾಣುತ್ತದೆ. ನನ್ನನ್ನು ಕಾಡುವುದು ಅದೇ: ಕ್ಯಾಮೆರಾ ಹಿಡಿದ ದೋಷ ವರದಿಗೆ ಬರಲಿಲ್ಲ.

ತೆಳು ಪ್ಲೇಟು 40 ವರ್ಷ ನಿಂತದ್ದು ಹೇಗೆ, ಆಮೇಲೆ ಬಿದ್ದದ್ದು ಏಕೆ? ತೂಕ ಏರುತ್ತಾ ಹೋಯಿತು. 1977ರಲ್ಲಿ ಡೆಕ್ಕಿನ (ವಾಹನ ಓಡುವ ಹಾಸು) ಮೇಲೆ ಸರಾಸರಿ 2 ಇಂಚು ಕಾಂಕ್ರೀಟ್ ಹಾಕಿದರು, ಅದೊಂದೇ ಸುಮಾರು 1,360 ಟನ್. 1998ರಲ್ಲಿ ತಡೆಗೋಡೆ ಬದಲಿಸಿದಾಗ ಮತ್ತಷ್ಟು. ಕೊನೆಗೆ 2007ರಲ್ಲಿ ಮೇಲ್ಪದರದ ರಿಪೇರಿಗೆಂದು ಮರಳು, ಜಲ್ಲಿ, ಯಂತ್ರಗಳನ್ನು ಮುಖ್ಯ ಸ್ಪ್ಯಾನಿನ ಮೇಲೆ, ಯು10ರ ಹತ್ತಿರವೇ ತಂದಿಟ್ಟರು. ಎಲ್ಲ ಸೇರಿ 260 ಟನ್ ಚಿಲ್ಲರೆ.

ಹಾಗಾಗಿ ಹಳೆಯ ಸೇತುವೆಯ ಕಡತ ತೆರೆದಾಗ ಮೊದಲು ಹುಡುಕಬೇಕಾದದ್ದು ಎಷ್ಟು ಸಲ ಓವರ್‌ಲೇ (ರಸ್ತೆಯ ಮೇಲೆ ಹೊಸ ಪದರ ಹಾಕುವುದು) ಆಗಿದೆ ಎಂಬುದನ್ನು. 60 ಮೀಟರ್ ಸ್ಪ್ಯಾನ್, 7.5 ಮೀಟರ್ ಅಗಲದ ರಸ್ತೆಗೆ 50 ಮಿ.ಮೀ. ಡಾಂಬರು ಹಾಕಿದರೆ 22.5 ಘನ ಮೀಟರ್, ಸುಮಾರು 52 ಟನ್. ಹಳೆಯ ಪದರ ಕೆರೆದು ತೆಗೆಯದೆ ಮೂರು ಸಲ ಹಾಕಿದ್ದರೆ 156 ಟನ್, ಅಷ್ಟನ್ನೂ ಟ್ರಸ್ಸು ಹಗಲೂ ರಾತ್ರಿ ಹೊರಬೇಕು. ಕಡತದಲ್ಲಿ ಲೆಕ್ಕ ಇಲ್ಲದಿದ್ದರೆ ಡೆಕ್ಕಿನಲ್ಲಿ ಕೋರ್ (ಕೊರೆದು ತೆಗೆಯುವ ಉರುಳೆಯಾಕಾರದ ತುಂಡು) ತೆಗೆದು ಪದರದ ದಪ್ಪ ಅಳೆಯಿರಿ.

ಪ್ಲೇಟಿನ ಹತ್ತಿರ ಹೋದಾಗ ಅದರ ಬಿಡಿ ಅಂಚಿಗೆ (ಯಾವ ಮೆಂಬರಿಗೂ ಜೋಡಿಸದ ಅಂಚು) ಉಕ್ಕಿನ ನೇರಪಟ್ಟಿ ಹಿಡಿಯಿರಿ. ನಡುವೆ ಸಂದು ಕಂಡರೆ ಫೀಲರ್ ಗೇಜಿನಲ್ಲಿ (ಸಂದಿಗೆ ತೂರಿಸಿ ಅಳೆಯುವ ತೆಳು ಪಟ್ಟಿಗಳು) ಅಳೆದು, ಜಾಗದ ಗುರುತು ಹಾಕಿ, ಅಳತೆಪಟ್ಟಿ ಇಟ್ಟು ಫೋಟೊ ತೆಗೆಯಿರಿ. ಬಾಗು ಕಟ್ಟುವಾಗಲೇ ಬಂದದ್ದು ಎಂದು ಊಹಿಸಿ ಬಿಡಬೇಡಿ, ಭಾರಕ್ಕೆ ಬಾಗಿದ್ದರೂ ಹಾಗೇ ಕಾಣುತ್ತದೆ. ಬಣ್ಣ ಕೆರೆದು ಅಲ್ಟ್ರಾಸಾನಿಕ್ ಗೇಜಿನಿಂದ ದಪ್ಪ ತೆಗೆದುಕೊಳ್ಳಿ. ಎರಡು ಪ್ಲೇಟು ಒಂದರ ಮೇಲೊಂದು ಇದ್ದರೆ ಗೇಜು ಮೊದಲನೆಯದನ್ನು ಮಾತ್ರ ತೋರಿಸುತ್ತದೆ, ಆ ರೀಡಿಂಗನ್ನು ಪೂರ್ತಿ ದಪ್ಪ ಎಂದು ಬರೆದುಕೊಳ್ಳುವವರು ಇದ್ದಾರೆ. ಕೆಳ ಕಾರ್ಡಿನಲ್ಲಿ ಮಣ್ಣು, ಹಕ್ಕಿ ಹಿಕ್ಕೆ ಕೂರುವ ಗೆರೆಯ ಉದ್ದಕ್ಕೂ ತುಕ್ಕು ತಿಂದಿರುತ್ತದೆ, ಅಲ್ಲಿ ಒಂದೆರಡು ಬಿಂದು ಸಾಲದು, ಇಡೀ ಗೆರೆ ಅಳೆಯಬೇಕು. ರಿವೆಟ್ ತಲೆಗೆ ಸುತ್ತಿಗೆಯಿಂದ ತಟ್ಟಿ: ಗಟ್ಟಿ ಇದ್ದರೆ ಠಣ್ ಎನ್ನುತ್ತದೆ, ಸಡಿಲವಿದ್ದರೆ ಸದ್ದು ಸಪ್ಪೆ, ಕೆಳಗೆ ಕೆಂಪು ತುಕ್ಕಿನ ಗೀರೂ ಇಳಿದಿರುತ್ತದೆ.

ಲೆಕ್ಕದಲ್ಲಿ ಪ್ಲೇಟಿಗೆ ನಾಲ್ಕು ಪರೀಕ್ಷೆ ಬೇಕು. ಅಡ್ಡ ಮತ್ತು ಉದ್ದ ಗೆರೆಗಳಲ್ಲಿ ಕತ್ತರಿಸುವ ಬಲ, ರಿವೆಟ್ ಗುಂಪಿನ ಸುತ್ತ ಪ್ಲೇಟು ಹರಿದುಬರುವ ಸಾಧ್ಯತೆ, ಎಳೆತ, ಒತ್ತಡಕ್ಕೆ ಬಾಗುವುದು. ಕೊನೆಯ ಎರಡಕ್ಕೆ ಮೊದಲ ಸಾಲಿನ ಹೊರ ರಿವೆಟ್ಟುಗಳಿಂದ ಎರಡೂ ಕಡೆ 30 ಡಿಗ್ರಿಯ ಗೆರೆ ಎಳೆದು, ಕೊನೆಯ ಸಾಲಿನಲ್ಲಿ ಸಿಗುವ ಅಗಲವನ್ನು ಮಾತ್ರ ಹಿಡಿಯಬೇಕು. ನಕ್ಷೆಯಲ್ಲಿರುವ ದಪ್ಪವನ್ನಲ್ಲ, ಅಳೆದ ದಪ್ಪವನ್ನೇ ಹಾಕಿ.

ರಿಪೇರಿ ಕೆಲಸ ಶುರುವಾದ ಮೇಲೆ ಗುತ್ತಿಗೆದಾರರಿಗೆ ಸಾಮಗ್ರಿ ಎಲ್ಲಿ ಇಡಬೇಕೆಂಬ ನಕ್ಷೆಯನ್ನು ಲಿಖಿತವಾಗಿ ಕೊಡಿ. 10 ಘನ ಮೀಟರ್ ಒದ್ದೆ ಮರಳು ಎಂದರೆ 18 ಟನ್ ಹತ್ತಿರ ಬರುತ್ತದೆ. ಅದರ ರಾಶಿ ಸೇತುವೆಯ ಆಚೆ, ದಡದ ರಸ್ತೆಯ ಮೇಲಿರಲಿ.